ಹದಿನೇಳನೆಯ ಹಾಳೆಯಲ್ಲಿ ಇಲ್ಲದ ಗೀರು

ವರದಿಯ ಒಂಬತ್ತನೆಯ ಪುಟದಲ್ಲಿ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಆ ಮಾತು ಇದೆ: ‘ಮೂಲ ವಿನ್ಯಾಸದ ದೋಷ’. ಘಾಟ್ಕೋಪರಿನ ನಮ್ಮ ಹೌಸಿಂಗ್ ಸೊಸೈಟಿಯ ನಲವತ್ತೆರಡು ಮನೆಗಳಿಗೂ ಆ ವರದಿಯ ಒಂದೊಂದು ಪ್ರತಿ ಬಂದಿತು. ಉಳಿದ ಮನೆಗಳವರು ಕೊನೆಯ ಪುಟವನ್ನು ಮಾತ್ರ ಓದಿದರು. ಕಟ್ಟಡ ವಾಸಕ್ಕೆ ಅಪಾಯಕಾರಿ, ಕೆಡವುವುದೇ ಸೂಕ್ತ ಎಂದು ಅಲ್ಲಿತ್ತು. ನಾನು ಮೊದಲಿನಿಂದ ಓದಿದೆ. ಒಂಬತ್ತನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟು ಬಾಗಿಲುಗಳ ಮುಂದೆ ಉದ್ದಕ್ಕೆ ಸಾಗುವ ಗ್ಯಾಲರಿಗೆ ಹೋಗಿ ನಿಂತೆ.

ಈ ಕಟ್ಟಡವನ್ನು ಕಲ್ಪಿಸಿದವರು ನಮ್ಮ ಸಾಹೇಬರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವ ಅಧಿಕಾರವನ್ನು ಹೇಗೆ ಕಳೆದುಕೊಂಡೆ ಎಂಬುದನ್ನು ಹೇಳುವುದಕ್ಕೇ ಕುಳಿತಿದ್ದೇನೆ. ಕಟ್ಟಡ ಹೋಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮೂರು ಶಬ್ದಗಳನ್ನು ಅಲ್ಲಿಂದ ತೆಗೆಸಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ, ಮತ್ತು ಅವನು ನಾನಾಗಿದ್ದೆ.

ಸಾಹೇಬರು ಧಾರವಾಡದವರು. ಮುಂಬಯಿಗೆ ಓದಲು ಬಂದು, ಓದು ಮುಗಿಸಿ, ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಆಫೀಸು ತೆರೆದರು. ನಾನು ಆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ಗಿರಣಿ ನಡೆಯುವಾಗ ಮೇಜು ನಡುಗುತ್ತಿತ್ತು. ಹೀಗಾಗಿ ದಪ್ಪ ಗೀರುಗಳನ್ನು ಬೆಳಿಗ್ಗೆಯೂ, ಸಣ್ಣ ಗೀರುಗಳನ್ನು ಗಿರಣಿಯವನು ಊಟಕ್ಕೆ ಹೋದ ಹೊತ್ತಿನಲ್ಲಿಯೂ ಎಳೆಯುತ್ತಿದ್ದೆ. ನನ್ನ ಊಟ ಮೂರು ಗಂಟೆಯ ಮೇಲೆ.

ಅವರ ಕೆಲಸದ ರೀತಿಯನ್ನು ಹೇಳದೆ ಅವರ ಬಗ್ಗೆ ಏನೂ ಹೇಳಿದಂತಾಗದು. ಒಂದು ಸೊಸೈಟಿಯವರು ಮನೆ ಕಟ್ಟಿಸಬೇಕೆಂದು ಬಂದರೆ ಸಾಹೇಬರು ಜಾಗ ನೋಡಲು ಹೋಗುತ್ತಿರಲಿಲ್ಲ. ಆ ಜನ ಸದ್ಯ ಇರುವ, ಒಂದೊಂದು ಕೋಣೆಯ ಮನೆಗಳ ಚಾಳಿಗೆ ಹೋಗುತ್ತಿದ್ದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು, ಹೆಂಗಸರನ್ನು ಕೇಳುತ್ತಿದ್ದರು: “ಅಕ್ಕಾರ, ಅಕ್ಕಿ ಎಲ್ಲೆ ಕೂತು ಆರಸ್ತೀರಿ? ಶಾವಿಗಿ ಎಲ್ಲೆ ಒಣಗಸ್ತೀರಿ? ಸಿಟ್ಟ ಬಂದ್ರ ಎಲ್ಲೆ ಹೋಗಿ ನಿಲ್ತೀರಿ?” ಕೊನೆಯ ಪ್ರಶ್ನೆಗೆ ಎಲ್ಲರೂ ನಗುತ್ತಿದ್ದರು, ಮತ್ತು ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: ಗ್ಯಾಲರಿಯಲ್ಲಿ. ಮುದುಕಿಯರನ್ನು ಮೆಟ್ಟಿಲು ಹತ್ತಿಸಿ, ಯಾವ ಎತ್ತರಕ್ಕೆ ಕೈ ಗೋಡೆಗೆ ಹೋಗುತ್ತದೆ ಎಂದು ನೋಡುತ್ತಿದ್ದರು. ಅಳತೆಯ ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತಿತ್ತು.

ಉಳಿದವರೆಲ್ಲ ಚಾಳಿನ ಗ್ಯಾಲರಿಯನ್ನು ಬಡತನದ ಗುರುತೆಂದು ಕಿತ್ತೊಗೆದು, ಮನೆಗಳನ್ನು ಬೆಂಕಿಪೆಟ್ಟಿಗೆಗಳಂತೆ ಜೋಡಿಸುತ್ತಿದ್ದ ಕಾಲ ಅದು. ಸಾಹೇಬರು ಆ ಗ್ಯಾಲರಿಯನ್ನು ಐದು ಅಡಿ ಅಗಲ ಮಾಡಿ, ಪ್ರತಿ ಬಾಗಿಲ ಬದಿಗೆ ಶಹಾಬಾದ್ ಕಲ್ಲಿನ ಹದಿನೈದು ಇಂಚಿನ ಕಟ್ಟೆ ಹಾಕಿ, ಅಡುಗೆಮನೆಯ ಕಿಟಕಿಯನ್ನು ಅದರತ್ತ ತಿರುಗಿಸಿದರು. ನಮ್ಮ ಕಡೆಯ ಮನೆಗಳ ಮುಂಗಟ್ಟೆಯನ್ನು ಮೂರನೆಯ ಮಹಡಿಗೆ ಎತ್ತಿ ತಂದರು ಎಂದರೆ ಸರಿಯಾದೀತು. ಇವತ್ತು ಕಾಂದಿವಲಿಯಿಂದ ಪುಣೆಯವರೆಗೆ ಎಷ್ಟೋ ಕಡೆ ಆ ಐದು ಅಡಿ, ಆ ಹದಿನೈದು ಇಂಚಿನ ಕಟ್ಟೆ ಕಾಣುತ್ತವೆ. ಕಟ್ಟಿದವರಿಗೆ ಅದು ಯಾರಿಂದ ಬಂತೆಂಬುದು ತಿಳಿದಿಲ್ಲ. ತಿಳಿಯದೆಯೇ ಎಲ್ಲರ ಕೈಯಲ್ಲಿ ಸೇರಿಕೊಳ್ಳುವುದೇ ದೊಡ್ಡ ಕೆಲಸದ ಲಕ್ಷಣ ಎಂದು ಸಾಹೇಬರು ಹೇಳುತ್ತಿದ್ದರು. ಹೆಸರು ಇದ್ದವರಿಗೆ ಹಾಗೆ ಹೇಳುವುದು ಸುಲಭ.

ನನಗೆ ಹೆಸರು ಇರಲಿಲ್ಲ. ಇದನ್ನು ಸಮಾಧಾನದಿಂದ ಬರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ. ಮೊದಲ ಪ್ರಶಸ್ತಿ ಬಂದ ದಿನ ಆಫೀಸಿನವರ ಫೋಟೊ ತೆಗೆಯಬೇಕಾಯಿತು. ಕ್ಯಾಮೆರಾದ ಗುಂಡಿ ಒತ್ತಲು ನನ್ನನ್ನು ನಿಲ್ಲಿಸಿದರು. ಕಾಂದಿವಲಿಯ ಕಾರ್ಮಿಕರ ಕಾಲನಿಯ ಉದ್ಘಾಟನೆಯಲ್ಲಿ, ನಾನು ಕುಳಿತಿದ್ದ ಕುರ್ಚಿಯನ್ನು ಗುತ್ತಿಗೆದಾರನ ಅಳಿಯನಿಗಾಗಿ ಬಿಡಿಸಿದರು. ಎರಡು ಗಂಟೆ ಕಂಬಕ್ಕೆ ಒರಗಿ ನಿಂತೆ. ಸಾಹೇಬರ ಕೆಲಸದ ಬಗ್ಗೆ ಒಂದು ದಪ್ಪ ಪುಸ್ತಕ ಬಂತು. ಅದರಲ್ಲಿ ನನ್ನ ಕೈಯ ಅರವತ್ತನಾಲ್ಕು ನಕ್ಷೆಗಳಿವೆ, ಪ್ರತಿಯೊಂದರ ಅಡಿಯಲ್ಲಿ ‘ಆರ್ಕಿಟೆಕ್ಟರ ಸಂಗ್ರಹದಿಂದ’ ಎಂದು ಅಚ್ಚಾಗಿದೆ. ಆಫೀಸಿನ ಹಾಳೆಗಳ ಬಲಮೂಲೆಯಲ್ಲಿ ‘ಎಳೆದವರು’ ಎಂಬ ಒಂದು ಚಿಕ್ಕ ಚೌಕವಿರುತ್ತಿತ್ತು. ಅದನ್ನು ಖಾಲಿ ಬಿಡಬೇಕೆಂಬುದು ಸಾಹೇಬರ ಕಟ್ಟಪ್ಪಣೆ. ಖಾಲಿ ಚೌಕವನ್ನು ಕೂಡ ನಾನೇ ಎಳೆಯಬೇಕಾಗಿತ್ತು.

ಇವೆಲ್ಲವನ್ನೂ ಸಹಿಸಿದೆ. ಸಹಿಸಲಾಗದ್ದು ಈ ಕಟ್ಟಡದ ಕಾಲದಲ್ಲಿ ನಡೆಯಿತು.

ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಬಂದ ಅರಿವೆ ವ್ಯಾಪಾರಿಗಳು, ಗುಮಾಸ್ತರು ಸೇರಿ ಈ ಸೊಸೈಟಿ ಮಾಡಿದ್ದರು. ಅವರ ಕಮಿಟಿಗೆ ನಕ್ಷೆ ತೋರಿಸುವ ದಿನ ಹಾಳೆಗಳ ಸುರುಳಿ ಹಿಡಿದು ಸಾಹೇಬರ ಹಿಂದೆ ನಾನು ನಿಂತಿದ್ದೆ. ಅಧ್ಯಕ್ಷರು ಮೆಟ್ಟಿಲ ನಡುವಿನ ಕಿಟಕಿಯ ಮೇಲೆ ಬೆರಳಿಟ್ಟರು.

“ಈ ಖಿಡಕಿ ಭಾಳ ಛಲೋ ಜಾಗಾದಾಗ ಅದ್ರಿ ಸಾಹೇಬ್ರ. ಸಂಜೀ ಬೆಳಕು ನೇರ ಪಾವಟಿಗಿ ಮ್ಯಾಲ ಬೀಳ್ತದ.”

ಆ ಕಿಟಕಿಯನ್ನು ಒಂದೂವರೆ ಅಡಿ ಸರಿಸಿದವನು ನಾನು. ಬಾಯಿಂದ ಮಾತು ಜಾರಿತು: “ಅದು ನಾ ಸರಿಸಿದ್ದು ರೀ.”

ಸಾಹೇಬರು ನನ್ನತ್ತ ತಿರುಗಲಿಲ್ಲ. ಅಧ್ಯಕ್ಷರಿಗೇ ಹೇಳಿದರು: “ಇಂವ ಗೀರು ಎಳಿಯಾಂವ. ನಾ ಕೊಟ್ಟದ್ದನ್ನ ಎಳೀಬೇಕು. ಹೆಚ್ಚಿಗಿ ಎಳದ್ರ ಬ್ಲೇಡ್ ತಗೊಂಡು ನಾನ ಕೆರದು ತಗೀತೀನಿ.”

ಹನ್ನೊಂದು ಜನರಿದ್ದರು. ಹನ್ನೊಂದು ಜನರೂ ನಕ್ಕರು. ಯಾರು ಹಲ್ಲು ಬಿಟ್ಟು ನಕ್ಕರು, ಯಾರು ಕರವಸ್ತ್ರ ಅಡ್ಡ ಹಿಡಿದು ನಕ್ಕರು ಎಂಬುದನ್ನು ಇವತ್ತಿಗೂ ಹೇಳಬಲ್ಲೆ. ಕಿಟಕಿ ಮಾತ್ರ ನಾನು ಸರಿಸಿದ ಜಾಗದಲ್ಲೇ ಉಳಿಯಿತು.

ಇಲ್ಲಿ ನಮ್ಮ ಆಫೀಸಿನ ಒಂದು ಪದ್ಧತಿಯನ್ನು ತಿಳಿಸಬೇಕು. ಸಾಹೇಬರು ಮೂಲ ಚಿತ್ರವನ್ನು ಮದುವೆಯ ಆಮಂತ್ರಣಪತ್ರಗಳ ಹಿಂಬದಿಯಲ್ಲಿ ದಪ್ಪ ಪೆನ್ಸಿಲಿನಿಂದ ಬರೆದುಕೊಡುತ್ತಿದ್ದರು. ಅದರಲ್ಲಿ ಹೊಸದಾದದ್ದು ಮಾತ್ರ ಇರುತ್ತಿತ್ತು. ಪ್ರತಿ ಕಟ್ಟಡಕ್ಕೂ ಬೇಕಾಗುವ ಸಣ್ಣಪುಟ್ಟದ್ದನ್ನು ಅವರು ಬರೆಯುತ್ತಿರಲಿಲ್ಲ. ಕೆಳಗೆ ‘ಉಳಿದದ್ದು ಎಂದಿನಂತೆ’ ಎಂದು ಬರೆದುಬಿಡುತ್ತಿದ್ದರು. ಎಂದಿನಂತೆ ಎಂದರೆ ಏನೆಂಬುದು ಇಡೀ ಆಫೀಸಿನಲ್ಲಿ ನನಗೊಬ್ಬನಿಗೆ ಪೂರ್ತಿ ಗೊತ್ತಿತ್ತು. ನೆಲದ ಇಳಿಜಾರು, ಹೊಸ್ತಿಲಿನ ಎತ್ತರ, ಗಾರೆಯ ದಪ್ಪ, ಮತ್ತು ಡ್ರಿಪ್.

ಗ್ಯಾಲರಿಯ ಸ್ಲ್ಯಾಬಿನ ಅಡಿಭಾಗದಲ್ಲಿ, ಹೊರ ಅಂಚಿನಿಂದ ಎರಡು ಬೆರಳು ಒಳಗೆ, ಉದ್ದಕ್ಕೂ ಕಿರುಬೆರಳು ಹಿಡಿಸುವಷ್ಟು ಅಗಲದ ಒಂದು ತೋಡು ಬಿಡಬೇಕು. ಅದಕ್ಕೆ ಡ್ರಿಪ್ ಎನ್ನುತ್ತಾರೆ. ಮಳೆಯ ನೀರು ಅಂಚಿನಿಂದ ಇಳಿದು ನೆಲಕ್ಕೆ ಬೀಳುವುದಿಲ್ಲ, ಸ್ಲ್ಯಾಬಿನ ಅಡಿಗೆ ಅಂಟಿಕೊಂಡು ಒಳಕ್ಕೆ ತೆವಳುತ್ತದೆ. ತೋಡು ಅಡ್ಡ ಬಂದರೆ ಅದನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ತೋಡು ಇಲ್ಲದಿದ್ದರೆ ಗೋಡೆಯವರೆಗೂ ಹೋಗುತ್ತದೆ, ದಾರಿಯಲ್ಲಿ ಒಳಗಿನ ಕಬ್ಬಿಣವನ್ನು ಹುಡುಕಿಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ನಕ್ಷೆಯ ಮೇಲೆ ಅದು ಸಾಸಿವೆಕಾಳಿನಷ್ಟು ಅರ್ಧವೃತ್ತ, ಅಷ್ಟೆ.

ಆ ಕಮಿಟಿಯ ಸಭೆ ನಡೆದ ಮರುವಾರ ನಾನು ಹದಿನೇಳನೆಯ ಹಾಳೆಯನ್ನು ಎಳೆದೆ. ಅದು ಗ್ಯಾಲರಿಯ ಅಂಚಿನ ವಿವರದ ಹಾಳೆ. ಸಾಹೇಬರ ಚಿತ್ರದಲ್ಲಿ ಡ್ರಿಪ್ ಇರಲಿಲ್ಲ, ಎಂದೂ ಇರುತ್ತಿರಲಿಲ್ಲ. ಕೆಳಗೆ ‘ಉಳಿದದ್ದು ಎಂದಿನಂತೆ’ ಎಂದಿತ್ತು. ನಾನು ಅವರು ಕೊಟ್ಟದ್ದನ್ನು ಎಳೆದೆ. ಹೆಚ್ಚಿಗೆ ಎಳೆಯಲಿಲ್ಲ.

ಕಟ್ಟಡ ಹಾಳಾಗಲಿ ಎಂದು ನಾನು ಬಯಸಲಿಲ್ಲ. ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಸಹಿ ಮಾಡುವಾಗ ಅವರು ನೋಡುತ್ತಾರೆ, ಕೇಳುತ್ತಾರೆ ಎಂದು ಕಾದಿದ್ದೆ. ಕೇಳಿದರೆ ಕೊಡಬೇಕಾದ ಉತ್ತರವನ್ನು ಎರಡು ದಿನ ಲೋಕಲ್ ಗಾಡಿಯಲ್ಲಿ ನಿಂತು ಮನಸ್ಸಿನಲ್ಲೇ ತಿದ್ದಿ ಸಿದ್ಧಮಾಡಿಟ್ಟಿದ್ದೆ: ನಾನು ಗೀರು ಎಳೆಯುವವನು, ನೀವು ಕೊಟ್ಟದ್ದನ್ನು ಎಳೆದಿದ್ದೇನೆ. ಸಾಹೇಬರು ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು, ನಿಂತಲ್ಲೇ ಸಹಿ ಹಾಕಿದರು.

“ನೋಡೂದಿಲ್ಲೇನ್ರಿ?” ಎಂದೆ.

“ನೀ ಎಳದದ್ದರಾಗ ನಾ ಏನ ನೋಡ್ಲೋ?” ಎಂದರು.

ಅದು ಅವರು ನನಗೆ ಕೊಟ್ಟ ಅತಿ ದೊಡ್ಡ ಪ್ರಶಂಸೆಯಾಗಿತ್ತು. ಆ ದಿನ ಅದು ನನಗೆ ಇನ್ನೊಂದು ಅವಮಾನದಂತೆ ಕೇಳಿಸಿತು.

ಕಟ್ಟುವಾಗ ಇನ್ನೊಂದು ಅವಕಾಶ ಬಂತು. ಗಾರೆಯ ಮೇಸ್ತ್ರಿ ಸಿಂದಗಿಯ ಕಡೆಯವನು, ಅಕ್ಷರ ಬಾರದವನು, ಆದರೆ ನಕ್ಷೆಯನ್ನು ನಮ್ಮ ಎಂಜಿನಿಯರರಿಗಿಂತ ಚೆನ್ನಾಗಿ ಓದುತ್ತಿದ್ದ. ಮೊದಲ ಮಹಡಿಯ ಸ್ಲ್ಯಾಬಿಗೆ ಹಲಗೆ ಕಟ್ಟುವ ದಿನ ಹದಿನೇಳನೆಯ ಹಾಳೆಯ ಪ್ರಿಂಟನ್ನು ನನ್ನ ಮುಂದೆ ಹಿಡಿದ.

“ಯಪ್ಪಾ, ಇದರಾಗ ಡ್ರಿಪ್ ಕಾಣವಲ್ದು. ಮರತೀರೇನ?”

“ಹಾಳಿಯೊಳಗ ಇದ್ದಷ್ಟ ಮಾಡು,” ಎಂದೆ.

“ನಾ ಒಂದು ಪಟ್ಟಿ ಇಟ್ಟು ಬಿಡ್ತೀನಿ ತಗೋರಿ, ಅದಕ್ಕೇನ ದೊಡ್ಡ ಕೆಲಸ ಐತಿ. ಇಲ್ಲಾಂದ್ರ ನೀರು ಒಳಗ ಹೊಕ್ಕೈತಿ.”

“ನಿನಗ ಹೇಳಿದ್ದು ಕೇಳಸ್ತಿಲ್ಲೇನು? ಹೆಚ್ಚಿಗಿ ಮಾಡಿದ್ರ ಒಡಸ್ತೀನಿ.”

ಸಾಹೇಬರ ಮಾತು ನನ್ನ ಬಾಯಲ್ಲಿ ಹಾಗೇ ಬಂದದ್ದನ್ನು ಆಗ ಗಮನಿಸಲಿಲ್ಲ. ಮೇಸ್ತ್ರಿ ಪ್ರಿಂಟನ್ನು ಮಡಚಿ, “ನಿಮ್ಮ ಮನಿ ಅಲ್ಲಲ್ಲ, ಬಿಡ್ರಿ,” ಎಂದು ಬೀಡಿ ಹೊತ್ತಿಸಿದ. ಮೂರು ಮಹಡಿಗಳ ಗ್ಯಾಲರಿಗಳೂ ಹಾಗೆಯೇ ಮೇಲೆದ್ದವು.

ಮೊದಲ ಮಳೆಗಾಲದಲ್ಲಿ ಸಾಹೇಬರು ಕಟ್ಟಡ ನೋಡಲು ಬಂದರು. ಅದು ಅವರ ಅಭ್ಯಾಸ. ಕಟ್ಟಡದ ನಿಜವಾದ ಪರೀಕ್ಷೆ ಜುಲೈ ತಿಂಗಳಲ್ಲಿ ಎನ್ನುತ್ತಿದ್ದರು. ಕೆಳಗಿನ ಗ್ಯಾಲರಿಯಲ್ಲಿ ನಿಂತು, ಕೈ ಎತ್ತಿ, ಮೇಲಿನ ಸ್ಲ್ಯಾಬಿನ ಅಡಿಯನ್ನು ಅಂಗೈಯಿಂದ ಸವರಿದರು. ಅಂಗೈ ಒದ್ದೆಯಾಯಿತು. ಬೆರಳುಗಳು ಅಂಚಿನ ಉದ್ದಕ್ಕೂ ಹೋಗಿ ತೋಡನ್ನು ಹುಡುಕಿದವು, ಸಿಗಲಿಲ್ಲ.

“ಮರತ್ಯೇನೋ?” ಎಂದರು.

ಇಷ್ಟು ದಿನ ಕಾಯ್ದಿಟ್ಟ ಉತ್ತರವನ್ನು ಆಗ ಕೊಟ್ಟೆ: “ನೀವು ಕೊಟ್ಟದ್ದರಾಗ ಇರಲಿಲ್ರೀ.”

ಅವರು ಒದ್ದೆ ಅಂಗೈಯನ್ನು ನೋಡುತ್ತ ನಿಂತರು. ಕಮಿಟಿಯ ಮುಂದೆ ತಾವಾಡಿದ ಮಾತೇ ತಿರುಗಿ ಬಂದದ್ದೆಂದು ಅವರಿಗೆ ಆ ಕ್ಷಣವೇ ಹೊಳೆದಿತ್ತು, ಅವರು ದಡ್ಡರಲ್ಲ. ಆ ಸಂಜೆ ಕಮಿಟಿಯವರ ಮುಂದೆ, “ಒಂದು ತಪ್ಪಾಗೇದ, ನನ್ನ ಕಡೆಯಿಂದ,” ಎಂದರು. ಅಡಿಯಲ್ಲಿ ಹೊಸದಾಗಿ ತೋಡು ಕೊರೆಸೋಣ ಎಂದರು, ತಾವೇ ನಿಂತು ಮಾಡಿಸುವುದಾಗಿ ಹೇಳಿದರು. ಹೊಸ ಕಟ್ಟಡಕ್ಕೆ ಉಳಿ ತಾಗಿಸಲು ಕಮಿಟಿಯವರು ಒಪ್ಪಲಿಲ್ಲ; ಬಣ್ಣ ಹಚ್ಚಿದರೆ ಸರಿಹೋಗುತ್ತದೆ ಎಂದರು. ‘ನನ್ನ ಕಡೆಯಿಂದ’ ಎಂದು ಸಾಹೇಬರು ಹೇಳಿದಾಗ ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ. ಗೆದ್ದೆ ಎನಿಸಿತು. ಆ ಗೆಲುವಿನ ರುಚಿ ಎಷ್ಟು ದಿನ ಉಳಿಯಿತೆಂದು ಕೇಳಿದರೆ, ಮನೆಗೆ ಹೋಗುವ ಗಾಡಿಯಲ್ಲಿ ಸುಮಾರು ದಾದರ್ ಸ್ಟೇಷನ್ ಬರುವವರೆಗೆ ಎಂದು ಹೇಳಬೇಕಾಗುತ್ತದೆ.

ಅದೇ ವರ್ಷ ಈ ಕಟ್ಟಡದಲ್ಲಿ ಒಂದು ಮನೆ ಖಾಲಿ ಉಳಿಯಿತು. ಸಾಹೇಬರೇ ಕಮಿಟಿಗೆ ಹೇಳಿ ನನ್ನನ್ನು ಸದಸ್ಯನನ್ನಾಗಿ ಮಾಡಿಸಿದರು. ಅಲ್ಲಿಯವರೆಗೆ ನಾನೂ ಹೆಂಡತಿಯೂ ಪರೇಲಿನ ಒಂದು ಚಾಳಿನಲ್ಲಿ ಹತ್ತು ಅಡಿಯ ಕೋಣೆಯಲ್ಲಿದ್ದೆವು. ಬೀಗದ ಕೈ ಕೊಡುವಾಗ ಸಾಹೇಬರು ಅಂದರು: “ಅಲ್ಲೆ ಇರಾಕ ನೀನ ಸರಿ. ನೀರು ಎಲ್ಲಿಂದ ಬರ್ತದ ನಿನಗ ಗೊತ್ತದ.”

ಅದು ದಯೆಯೋ ಶಿಕ್ಷೆಯೋ ನನಗೆ ಇಂದಿಗೂ ತಿಳಿದಿಲ್ಲ. ಆ ಧ್ವನಿಯನ್ನು ಎಷ್ಟು ಸಲ ನೆನಪಿಗೆ ತಂದುಕೊಂಡಿದ್ದೇನೆಂದರೆ ಅದು ಈಗ ಅವರ ಧ್ವನಿಯಾಗಿ ಉಳಿದಿಲ್ಲ. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಮಾತಾಡಿದ ಏಳು ಜನರಲ್ಲಿ ನಾನಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದೆ. ಕರೆದಿದ್ದರೆ ಡ್ರಿಪ್ಪಿನ ನಿಜವನ್ನು ಹೇಳುತ್ತಿದ್ದೆನೆಂದು ಬಹಳ ಕಾಲ ನಂಬಿಕೊಂಡಿದ್ದೆ.

ಪ್ರತಿ ಮಳೆಗಾಲದಲ್ಲಿ ನೀರು ಹೇಗೆ ಬಂತೆಂದು ಇಲ್ಲಿ ಬಣ್ಣಿಸುವುದಿಲ್ಲ. ಮೊದಲು ಹಳದಿ ಕಲೆ, ಆಮೇಲೆ ಕೂದಲೆಳೆಯ ಬಿರುಕು, ಆಮೇಲೆ ಗಾರೆಯ ಹೆಕ್ಕಳಿಕೆ. ಒಂದು ಕಮಿಟಿ ಅಡಿಯಿಂದ ಸಿಮೆಂಟು ಮೆತ್ತಿಸಿತು, ಒಳಹೋದ ನೀರು ಒಳಗೇ ಉಳಿಯಿತು. ಕಳೆದ ವರ್ಷ ಒಂದನೆಯ ಮಹಡಿಯಲ್ಲಿ ಊಟದ ತಟ್ಟೆಯಗಲದ ಕಾಂಕ್ರೀಟು ಕಟ್ಟೆಯ ಮೇಲೆ ಬಿತ್ತು. ಅಲ್ಲಿ ಅಕ್ಕಿ ಆರಿಸುತ್ತಿದ್ದವರು ಒಲೆಯ ಮೇಲಿನ ಹಾಲು ಉಕ್ಕಿತೆಂದು ಆಗಷ್ಟೇ ಎದ್ದು ಹೋಗಿದ್ದರು. ಆ ಮೇಲೆ ಯಾರೂ ಗ್ಯಾಲರಿಯಲ್ಲಿ ಕೂಡುವುದಿಲ್ಲ. ಸಾಹೇಬರು ಯಾವುದಕ್ಕಾಗಿ ಕಟ್ಟಿದರೋ ಅದು ಆ ದಿನವೇ ಮುಗಿಯಿತು; ಕೆಡವುವುದು ಔಪಚಾರಿಕ.

ಕಟ್ಟಡ ಎಷ್ಟು ಗಟ್ಟಿ ಇದೆಯೆಂದು ಆಡಿಟ್ ಮಾಡಲು ಬಂದ ಎಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಜ್ಜನ ಊರು ಗೋಕಾಕ ಎಂದಳು, ಕನ್ನಡ ತಡವರಿಸುತ್ತಿತ್ತು. ಹಳೆಯ ನಕ್ಷೆಗಳು ನನ್ನಲ್ಲಿವೆ ಎಂದು ಯಾರೋ ಹೇಳಿದ್ದರಿಂದ ಮನೆಗೆ ಬಂದಳು. ನಾನು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದೆ.

“ಅಂಕಲ್, ಇದು ಹ್ಯಾಂಡ್‌ನಿಂದ ಮಾಡಿದ್ದಾ? ಕಿತನಾ ಸುಂದರ್ ಇದೆ. ಯಾರು ಡ್ರಾ ಮಾಡಿದ್ದು?”

ಮೂವತ್ತೊಂದು ವರ್ಷಗಳ ನೌಕರಿಯಲ್ಲಿ, ಅದರ ನಂತರವೂ, ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬೆರಳು ಹದಿನೇಳನೆಯ ಹಾಳೆಯ ಮೇಲೆ ನಿಂತಿತು.

“ಯಹಾಂ ನೋಡಿ. ಡ್ರಿಪ್ ಕೊಟ್ಟೇ ಇಲ್ಲ. ಇಷ್ಟು ದೊಡ್ಡ ಆರ್ಕಿಟೆಕ್ಟ್, ಇಷ್ಟು ಬೇಸಿಕ್ ಮಿಸ್ಟೇಕ್.”

ನಾನು ಚಹಾ ತರಲು ಒಳಗೆ ಹೋದೆ. ಯಾರು ಎಳೆದದ್ದು ಎಂದು ಅವಳು ಮತ್ತೆ ಕೇಳಲಿಲ್ಲ. ಚಹಾ ಕುಡಿದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದಳು. ಹದಿನೈದು ದಿನಗಳಲ್ಲಿ ವರದಿ ಬಂತು.

ಸಾಮಾನ್ಯ ಸಭೆ ಭಾನುವಾರ ಬೆಳಿಗ್ಗೆ, ಕೆಳಗಿನ ಅಂಗಳದಲ್ಲಿ. ನಾನು ನಾಲ್ಕು ಪುಟಗಳ ಹೇಳಿಕೆ ಬರೆದುಕೊಂಡಿದ್ದೆ. ಟ್ರಂಕಿನ ಅಡಿಯಿಂದ, ಸಾಹೇಬರ ಮೂಲ ಚಿತ್ರವಿದ್ದ ಆ ಮದುವೆಯ ಆಮಂತ್ರಣಪತ್ರವನ್ನೂ ತೆಗೆದು ಕಿಸೆಯಲ್ಲಿಟ್ಟುಕೊಂಡೆ. ನಾಲ್ಕು ಪುಟ ಕಂಡು ಹೆಂಡತಿ, “ಯಾರ ಮ್ಯಾಲ ರೀ ಈ ಸಲ ತಕರಾರು?” ಎಂದಳು. ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಕಾರ್ಯದರ್ಶಿಗಳು, ಬೆಳಗಾವಿಯ ಅರಿವೆ ವ್ಯಾಪಾರಿಯ ಮಗ, ಕೊನೆಯ ಪುಟವನ್ನು ಓದಿ ಹೇಳಿದರು. ಹಿಂದಿನಿಂದ ಯಾರೋ, “ಟಿವಿಯಾಗ ಹೇಳ್ತಾರ ದೊಡ್ಡ ಆರ್ಕಿಟೆಕ್ಟ್ ಅಂತ. ನಮ್ಮ ತಲಿ ಮ್ಯಾಲ ಬೀಳೂ ಹಂಗ ಕಟ್ಟ್ಯಾರ,” ಎಂದರು. ನಗು ಎದ್ದಿತು. ಆ ಹಳೆಯ ಹನ್ನೊಂದು ಜನರಲ್ಲಿ ಒಬ್ಬರೂ ಈಗ ಉಳಿದಿಲ್ಲ, ಆದರೆ ನಗು ಅದೇ ಆಗಿತ್ತು. ನಾನು ಎದ್ದು ನಿಂತೆ. ನಾಲ್ಕು ಪುಟಗಳನ್ನು ಓದಲಾಗಲಿಲ್ಲ.

“ಒಂಬತ್ತನೇ ಪುಟದಾಗ ತಪ್ಪು ಬರದಾರ. ಅದು ಸಾಹೇಬರ ತಪ್ಪಲ್ಲ. ಆ ಹಾಳಿ ಎಳದಾಂವ ನಾನು. ಡ್ರಿಪ್ ಬೇಕಂತನ ಬಿಟ್ಟೆ. ಅವರು ‘ಎಂದಿನಂತೆ’ ಅಂತ ಬರದಿದ್ರು, ಇಲ್ಲೇ ಅದ ನೋಡ್ರಿ.” ಪತ್ರವನ್ನು ಮುಂದೆ ಚಾಚಿದೆ.

ಯಾರೂ ಕೈ ಚಾಚಲಿಲ್ಲ. ಯಾರೂ ಸಿಟ್ಟಾಗಲೂ ಇಲ್ಲ. ಅದಕ್ಕೆ ನಾನು ಸಿದ್ಧನಾಗಿರಲಿಲ್ಲ.

“ಕಾಕಾ, ಕೂಡ್ರಿ ನೀವು,” ಎಂದರು ಕಾರ್ಯದರ್ಶಿಗಳು, ಮೃದುವಾಗಿಯೇ. “ಈಗ ಅದರಿಂದ ಕ್ಯಾ ಫಾಯ್ದಾ? ಬಿಲ್ಡಿಂಗ್ ತೋ ಹೆಂಗೂ ಬೀಳೂದ ಅದ. ನೀವು ಸಾಹೇಬರ ಮ್ಯಾಲಿನ ಅಭಿಮಾನಕ್ಕ ತಮ್ಮ ಮ್ಯಾಲ ಹಾಕ್ಕೊಳ್ಳಿಕತ್ತೀರಿ, ಗೊತ್ತಾಗ್ತದ ನಮಗ.”

ಆ ಎಂಜಿನಿಯರ್ ಹೆಣ್ಣುಮಗಳೂ ಅಲ್ಲಿದ್ದಳು. ಅವಳನ್ನು ಕೇಳಿದೆ: ಆ ಮೂರು ಶಬ್ದಗಳನ್ನು ತೆಗೆಯಬಹುದೇ? ಅವಳು ಮೊಬೈಲಿನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದಳು.

“ಅಂಕಲ್, ಸೈನ್ ಆರ್ಕಿಟೆಕ್ಟ್‌ದು ಇದೆ. ಯಾರ ಸೈನ್, ಅವರದೇ ರೆಸ್ಪಾನ್ಸಿಬಿಲಿಟಿ. ನಿಮ್ಮ ಹೆಸರು ಇದರಲ್ಲಿ ಕಹೀಂ ನಹೀ ಹೈ. ಬಾಕ್ಸ್ ಖಾಲಿ ಇದೆ.”

ಯಾವ ಚೌಕಕ್ಕಾಗಿ ಮೂವತ್ತೊಂದು ವರ್ಷ ಒಳಗೊಳಗೇ ಉರಿದಿದ್ದೆನೋ ಅದನ್ನು ಅವಳು ಬೆರಳ ತುದಿಯಲ್ಲಿ ತೋರಿಸಿದಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಹೊಸ ಕಟ್ಟಡದಲ್ಲಿ ಗ್ಯಾಲರಿ ಬೇಡ, ಆ ಜಾಗವನ್ನು ಕೋಣೆಗಳಿಗೆ ಸೇರಿಸಬೇಕು ಎಂಬ ಸೂಚನೆ ಬಂತು, ಯಾರೂ ವಿರೋಧಿಸಲಿಲ್ಲ. ಕೈ ಎತ್ತುವಾಗ ನನ್ನ ಕೈಯೂ ಮೇಲಿತ್ತೇ ಎಂದು ಕೇಳಿದರೆ, ಇತ್ತು.

ಸಭೆಯ ನಡವಳಿಯ ಪ್ರತಿ ಮೊನ್ನೆ ಬಂದಿದೆ. ಎರಡು ಸಲ ಓದಿದೆ. ನಾನು ಎದ್ದು ನಿಂತದ್ದು ಅದರಲ್ಲಿಲ್ಲ. ಹಿಂದೆ ಇಂಥದ್ದಕ್ಕೆ ಕಾರ್ಯದರ್ಶಿಗಳಿಗೆ ಮೂರು ಪತ್ರ ಬರೆಯುತ್ತಿದ್ದೆ; ಈಗ ದೂರುವುದಕ್ಕೆ ನನ್ನಲ್ಲಿ ಯಾವ ಬಾಯಿಯೂ ಉಳಿದಿಲ್ಲ. ವರದಿಯನ್ನು ನಡವಳಿಗೆ ಲಗತ್ತಿಸಿದ್ದಾರೆ, ಒಂಬತ್ತನೆಯ ಪುಟ ಇದ್ದಂತೆಯೇ ಇದೆ.

ದೀಪಾವಳಿಯೊಳಗೆ ಮನೆ ಬಿಡಬೇಕು. ನಿನ್ನೆ ಮಧ್ಯಾಹ್ನ ಪ್ರಿಂಟುಗಳನ್ನು ಕಟ್ಟಿಡುವಾಗ ಹದಿನೇಳನೆಯ ಹಾಳೆಯನ್ನು ಬೇರೆ ತೆಗೆದಿಟ್ಟೆ. ಹಳೆಯ ನಿಬ್ಬಿನ ಪೆನ್ನು ಇನ್ನೂ ಇದೆ, ಶಾಯಿಯೂ ಇತ್ತು. ಸ್ಲ್ಯಾಬಿನ ಅಡಿಯಲ್ಲಿ, ಅಂಚಿನಿಂದ ಎರಡು ಬೆರಳು ಒಳಗೆ, ಆ ಅರ್ಧವೃತ್ತ ಬರಬೇಕಾದ ಜಾಗದ ಮೇಲೆ ನಿಬ್ಬನ್ನು ಹಿಡಿದು ಕುಳಿತೆ. ಹೊರಗೆ ಮಳೆ ಹೊಡೆಯುತ್ತಿತ್ತು. ಬಾಗಿಲಿನಿಂದ ನೋಡಿದರೆ ಸ್ಲ್ಯಾಬಿನ ಅಡಿಯಲ್ಲಿ ನೀರು ಸಾಲುಗಟ್ಟಿ, ಅವಸರವಿಲ್ಲದೆ ಒಳಕ್ಕೆ ಬರುತ್ತಿರುವುದು ಕಾಣಿಸುತ್ತಿತ್ತು. ಪೆನ್ನನ್ನು ಒರೆಸಿ ಡಬ್ಬಿಯಲ್ಲಿಟ್ಟೆ. ಈಗ ಹೆಚ್ಚಿಗೆ ಎಳೆದರೆ ಕೆರೆದು ತೆಗೆಯಲು ಸಾಹೇಬರಿಲ್ಲ.